ಹೊಲಿಗೆಯೊಳಗೆ ಒಂದಿಂಚು

ಪ್ಯಾಂಟು ಮೂರು ಸಾಕು, ಸವಾದ್.
ಎರಡು ಕಪ್ಪು, ಒಂದು ಬೂದಿ ಬಣ್ಣ.
ಬಿಳಿ ಬೇಡ,
ಹಾಸ್ಟೆಲ್ಲಿನ ಸಾಂಬಾರಿಗೆ ಬಿಳಿ ಕಂಡರೆ ಎಲ್ಲಿಲ್ಲದ ಪ್ರೀತಿ.
ಅಂಗಿ ಐದು.
ಆರನೆಯದು ನಿನ್ನ ಮಾಮ ದಮ್ಮಾಮಿನಿಂದ ತಂದದ್ದು,
ಅದರ ಕಂಕುಳು ನೋಡು, ಎಂಥ ಜಿಪುಣ ಕತ್ತರಿ!
ಕೈಯೆತ್ತಿ ಪ್ರಶ್ನೆ ಕೇಳಿದರೆ ಹರಿಯುತ್ತದೆ.
ಪ್ರಶ್ನೆ ಇಲ್ಲದ ದಿನ ಹಾಕಿಕೋ.

ಸ್ವೆಟರನ್ನು ನಿನ್ನ ಉಮ್ಮ ಅಡಿಯಲ್ಲಿ ತುರುಕಿದ್ದಳು.
ನಾನು ತೆಗೆದೆ, ಅವಳು ಮತ್ತೆ ಇಟ್ಟಳು.
ಹುಣಸೂರು ದಾಟಿದರೆ ಅದು ಬರೀ ಭಾರ ಅಂದೆ.
"ಹೊರುವವನು ಅವನು, ನಿಮಗೇನು?"
ಆಯಿತು, ಇರಲಿ.
ದಿಂಬಿಗಾದರೂ ಆದೀತು.

ಒಳಚಡ್ಡಿ ಏಳು. ನಗಬೇಡ.

ಈಗ ಆ ಮಾತು.
ಸೀನಿಯರ್ ಒಬ್ಬ ಫೋನಿನಲ್ಲಿ ಹೇಳಿದನಂತಲ್ಲ,
"ಕೊಡಗಿನವನಾ? ಹಾಗಾದರೆ ಆ ಕಪ್ಪು ಕೋಟು ತಗೊಂಡು ಬಾ,
ಕೆಂಪು ಪಟ್ಟಿ, ಸೊಂಟದ ಕತ್ತಿ ಸಮೇತ.
ಎತ್ನಿಕ್ ಡೇ ಪ್ರೈಜು ನಮಗೇ."
ರಾತ್ರಿ ಊಟಕ್ಕೆ ಕೂತಾಗ ನಗುತ್ತಲೇ ಹೇಳಿದೆ,
ಆಮೇಲೆ ತುಂಬ ಹೊತ್ತು ಅನ್ನ ಕಲಸುತ್ತಲೇ ಇದ್ದೆ.

ಇಪ್ಪತ್ತೆಂಟು ವರ್ಷ
ಸಿದ್ದಾಪುರದ ಈ ಮಾಳಿಗೆಯಲ್ಲಿ ಕುಪ್ಯ ಹೊಲಿದಿದ್ದೇನೆ.
ಮದುಮಗನ ಬಿಳಿ, ನೆಂಟರ ಕಪ್ಪು.
ಅರ್ಧ ತೋಳು ಎಲ್ಲಿ ನಿಲ್ಲಬೇಕು,
ಅಂಚು ಮೊಣಕಾಲಿಗಿಂತ ಎಷ್ಟು ಇಳಿಯಬೇಕು,
ಕಣ್ಣು ಮುಚ್ಚಿ ಕತ್ತರಿಸಬಲ್ಲೆ.
ಚೇಲೆ ಬಿಗಿದು ಅವರು ಕನ್ನಡಿಗೆ ಎದುರಾದಾಗ
ಬೆನ್ನಿನ ಸುಕ್ಕು ನೀವಿದ್ದು ಈ ಕೈ.
ಆದರೆ ಒಂದನ್ನೂ ನನ್ನ ಮೈಗೆ ಹಿಡಿದು ನೋಡಿಲ್ಲ, ಮೋನೇ.
ಯಾರೂ ಬೇಡ ಅಂದಿರಲಿಲ್ಲ.
ಕೈ ಆ ಕಡೆ ಹೋಗಲಿಲ್ಲ, ಅಷ್ಟೆ.

ಉತ್ತಯ್ಯನವರಿಗೆ ಹೇಳಿದರೆ
"ನನ್ನದೇ ಒಯ್ಯಲಿ, ಪೆಟ್ಟಿಗೆಯಲ್ಲಿ ಕೊಳೆಯುತ್ತಿದೆ" ಅಂದರು,
ಮನಸಾರೆ ಅಂದರು.
ಬೇಡವೆಂದು ಬಂದೆ.
ಸರಿಯೋ ತಪ್ಪೋ ನಿನ್ನ ಪ್ರಾಯಕ್ಕೆ ಗೊತ್ತಾಗಬಹುದು.

ಆ ಹುಡುಗನಿಗೆ ಹೇಳು,
ಕೊಡಗಿನಲ್ಲಿ ಕುಪ್ಯ ಉಡುವವರಿದ್ದಾರೆ,
ಅದಕ್ಕೆ ಅಸ್ತರು ಕೂರಿಸುವವರಿದ್ದಾರೆ,
ಲೈನುಮನೆಯ ತಂತಿಯ ಮೇಲೆ ನೈಟಿಗಳು, ಲುಂಗಿಗಳು ಒಣಗುತ್ತವೆ,
ಹಾಡಿಯ ಹುಡುಗರೆಲ್ಲ ಹತ್ತನೇ ನಂಬರಿನ ಜೆರ್ಸಿ ಹಾಕುತ್ತಾರೆ...
ಅಯ್ಯೋ, ಅಷ್ಟೆಲ್ಲ ಯಾರು ಕೇಳುತ್ತಾರೆ.
ಬಿಡು. ಪ್ರೈಜು ಹೋದರೆ ಹೋಗಲಿ.

ನನ್ನ ಅಳತೆ ಪುಸ್ತಕದಲ್ಲಿ ಎಲ್ಲರಿಗೂ ಹೆಸರಿದೆ,
ಫೋನ್ ನಂಬರಿದೆ, ಬಾಕಿ ಇದೆ.
ನಿನ್ನ ಪುಟಕ್ಕೆ "ಮನೆ" ಅಂತ ಮಾತ್ರ.
ಒಂದನೇ ಕ್ಲಾಸು: ಎದೆ ಇಪ್ಪತ್ತಮೂರು.
ಏಳನೇ ಕ್ಲಾಸು: ಎರಡು ಸಲ ಬರೆದು ಎರಡು ಸಲ ಹೊಡೆದು ಹಾಕಿದ್ದೇನೆ,
ಆ ವರ್ಷ ನೀನು ಯಾವ ಬಟ್ಟೆಯಲ್ಲೂ ನಿಲ್ಲಲಿಲ್ಲ.
ಮೊನ್ನೆ: ಎದೆ ಮೂವತ್ತಾರು, ಭುಜ ಹದಿನೇಳು.
ಟೇಪು ಹಿಡಿದು ಸ್ಟೂಲು ಹುಡುಕುತ್ತಿದ್ದೆ,
ನೀನೇ ಬಗ್ಗಿದೆ.

ಎಲ್ಲ ಹೊಲಿಗೆಯೊಳಗೂ ಒಂದಿಂಚು ಬಿಟ್ಟಿದ್ದೇನೆ.
ರೆಡಿಮೇಡಿನವರು ಬಿಡುವುದಿಲ್ಲ,
ನೀನು ಬೆಳೆದಷ್ಟೂ ಅವರಿಗೆ ವ್ಯಾಪಾರ.
ಬಿಗಿಯಾದರೆ ಅಲ್ಲೇ ಯಾರ ಹತ್ತಿರವಾದರೂ ಬಿಚ್ಚಿಸು.
ಬಿಚ್ಚುವಾಗ ಒಳಗಿನ ಹೊಲಿಗೆ ನೋಡಿ
"ಯಾರ ಕೈ ಇದು?" ಎಂದು ಕೇಳದಿದ್ದರೆ
ಅವನು ಟೈಲರನೇ ಅಲ್ಲ, ದುಡ್ಡು ಕೊಡಬೇಡ.

ನೀಲಿ ಅಂಗಿಯ ಕಾಲರಿನ ಕೆಳಗೆ
ಕಪ್ಪು ದಾರ ಸುತ್ತಿದ ಸೂಜಿ ಚುಚ್ಚಿಟ್ಟಿದ್ದೇನೆ.
ಹಾಕುವ ಮೊದಲು ತೆಗಿ, ಕುತ್ತಿಗೆ ಜೋಪಾನ.
ಬಸ್ಸು ಆರೂಕಾಲಿಗೆ.
ಹೊಸ ಪ್ಯಾಂಟು ಬಸ್ಸಿಗೆ ಬೇಡ, ಮೊಣಕಾಲು ಜೋಲುತ್ತದೆ,
ಹಳೆಯದನ್ನೇ ಹಾಕು.

ಏನು, ಜಿಪ್ಪು ಕೂಡುತ್ತಿಲ್ಲವಾ?
ಆ ಸ್ವೆಟರು. ಹೇಳಿದ್ದೆನಲ್ಲ.
ಬೇಡ, ತೆಗೆಯಬೇಡ, ಕೇಳಿಸಿಕೊಂಡಾಳು.
ತಾಳು, ನಾನು ಮೇಲೆ ಕೂರುತ್ತೇನೆ,
ನೀನು ಎಳೆ.