ಮದ್ದು

ಕೌಲ್‌ಬಜಾರಿನ ತುದಿಗೆ, ರೈಲ್ವೆ ಗೇಟು ದಾಟಿದ ಮೇಲೆ
ಎಡಕ್ಕೊಂದು ದಿಬ್ಬ. ಚಾಂದ್‌ಮಾರಿ ಅಂತಾರೆ.
ಚಂದ್ರನಿಗೆ ಯಾರೂ ಹೊಡೆದಿಲ್ಲ ಅಲ್ಲಿ.
ಹಲಗೆಗೆ ಬಳಿದ ಬಿಳಿ ದುಂಡಿಗೆ ಹೊಡೆದರು ಗೋರಾ ಸಿಪಾಯಿಗಳು,
ಬೆಳಿಗ್ಗೆ ಆರರಿಂದ ಬಿಸಿಲೇರುವ ತನಕ,
ಮೂರು ತಲೆಮಾರು.
ತಾಗಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡರು.
ತಾಗಿದ್ದೂ ತಾಗದ್ದೂ ಹೋಗಿ ಕೂತದ್ದು
ಒಂದೇ ದಿಬ್ಬದ ಹೊಟ್ಟೆಯೊಳಗೆ.

ಹೋಗುವಾಗ ಬ್ಯಾಂಡು ಒಯ್ದರು, ಕುದುರೆ ಹರಾಜು ಹಾಕಿದರು,
ಇಸ್ಪೀಟು ಮೇಜಿನ ಹಸಿರು ಬಟ್ಟೆಯನ್ನೂ ಬಿಚ್ಚಿಕೊಂಡರಂತೆ.
ದಿಬ್ಬ ಯಾರ ಪಟ್ಟಿಯಲ್ಲೂ ಇರಲಿಲ್ಲ.

ನಮ್ಮ ತಾತ ಕಲಾಯಿ ಬುಡೇನ್‌ಸಾಬ.
ಮಳೆ ಬಿದ್ದ ಮರುದಿನ ಜರಡಿ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ.
ಕಡಲೆ ಆರಿಸಿದ ಹಾಗೆ ಗುಂಡು ಆರಿಸಿ
ರುಮಾಲಿನ ತುದಿಗೆ ಗಂಟು ಕಟ್ಟಿ ತರುತ್ತಿದ್ದ.
ತವರಕ್ಕೆ ಕಾಸು ಕೊಡಬೇಕು, ಸೀಸ ಪುಕ್ಕಟೆ.
ಎರಡು ಪಾಲು ಅದು, ಒಂದು ಪಾಲು ಇದು.
ತಿದಿ ಒತ್ತಿದವಳು ಅಜ್ಜಿ ಪೀರಾಂಬಿ,
ನವಸಾಗರದ ಬಿಳಿ ಹೊಗೆಗೆ ಕಣ್ಣು ಕಿರಿದು ಮಾಡಿ.
ಹತ್ತಿಯ ಉಂಡೆ ಒಮ್ಮೆ ಸುತ್ತಿ ಬಂದರೆ ಸಾಕು
ಹಿತ್ತಾಳೆ ಪಾತ್ರೆಯೊಳಗೆ ಬೆಳದಿಂಗಳು.
ಅವರು ಹೊಡೆದ ಚಾಂದ್ ಇದೇ ಇರಬೇಕು.

ಆ ಬೆಳದಿಂಗಳಲ್ಲಿ ಊರು ಪುಂಡಿಪಲ್ಯ ಕುದಿಸಿತು,
ಹುಣಸೆಹಣ್ಣು ಹಿಂಡಿತು, ಮಜ್ಜಿಗೆ ಹುಳಿಯಿಟ್ಟಿತು.
"ಬುಡೇನ್‌ಸಾಬನ ಕಲಾಯಿ ಬಿದ್ರೆ ಸಾರು ಸೀ ಆಗ್ತೈತೆ ನೋಡಮ್ಮ"
ಅಂದಳಂತೆ ಗಾಣಿಗರ ಸಂಗವ್ವ.
ಸೀಸದ ಉಪ್ಪು ನಾಲಿಗೆಗೆ ಸಿಹಿ.
ನಾನದನ್ನು ಓದಿದ್ದು ಎಷ್ಟೋ ಆಮೇಲೆ.

ಹೊಟ್ಟೆ ಹಿಡಿದುಕೊಂಡು ಮುದುಡುವವರು ಹೆಚ್ಚಾದರು.
ಯಾರೋ ಮದ್ದು ಹಾಕಿದ್ದಾರೆ ಅಂದರು.
ಅತ್ತೆ ಸೊಸೆಯ ಕೈ ನೋಡಿದಳು, ಸೊಸೆ ಅತ್ತೆಯ ಸೆರಗು.
ಸಿರುಗುಪ್ಪದ ದಾರಿಯಲ್ಲಿ ಮದ್ದು ತೆಗೆಯುವವಳೊಬ್ಬಳಿದ್ದಳು;
ಎಲೆಯ ರಸ ಕುಡಿಸಿ, ಕಾರಿಸಿ,
ಕೂದಲೋ ಹಲ್ಲಿಯ ಮೊಟ್ಟೆಯೋ ತೋರಿಸಿ, ಇದೇ ನೋಡು ಅನ್ನುವಳು.
ಬಂದೂಕಿಗೂ ಮದ್ದು, ಅನ್ನಕ್ಕೂ ಮದ್ದು:
ನಮ್ಮ ಮಾತಿಗೆ ಮೊದಲೇ ಗೊತ್ತಿತ್ತೇನೋ.
ಮದ್ದು ನಿಜವೇ ಇತ್ತು.
ಹಾಕಿದವರು ಹಡಗು ಹತ್ತಿ ಹೋಗಿದ್ದರು.
ಬಡಿಸಿದವನು ನಮ್ಮ ತಾತ.

ಅವನ ಬಲಗೈ ಮಣಿಕಟ್ಟಿನಿಂದ ಜೋತುಬಿದ್ದ ವರ್ಷ
ವಾಯು ಅಂದರು, ದರ್ಗಾದ ಎಣ್ಣೆ ತಿಕ್ಕಿದರು.
ತುತ್ತು ಬಾಯಿಯ ಹತ್ತಿರ ಬಂದು ಜಾರುತ್ತಿತ್ತು,
ನಾನು ತಿನ್ನಿಸುತ್ತಿದ್ದೆ. ವಸಡಿನ ಅಂಚಿಗೆ
ಕಾಡಿಗೆ ಎಳೆದ ಹಾಗೆ ಒಂದು ನೀಲಿ ಗೆರೆ.
ಎಲೆಅಡಿಕೆಯ ಕಲೆ ಅಂದುಕೊಂಡೆ.

ಈಗ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ.
ಸೋಮವಾರ ಬಂದವಳು ಏಳು ವರ್ಷದ ಹುಲಿಗೆಮ್ಮ.
ದಿಬ್ಬದ ಮೇಲೇ ಮನೆ, ನೆಲಕ್ಕೆ ಸಾರಿಸಿದ್ದೂ ದಿಬ್ಬದ ಮಣ್ಣೇ.
"ಮಣ್ಣು ತಿಂತಾಳೆ ಮೇಡಂ, ಸೀ ಐತೆ ಅಂತಾಳೆ"
ಅಂದಳು ತಾಯಿ, ತಾನೇ ತಿನ್ನಿಸಿದವಳಂತೆ ತಲೆ ತಗ್ಗಿಸಿ.
ತುಟಿ ಎತ್ತಿ ನೋಡಿದೆ.
ಗೆರೆ.

ಫಾರಮಿನಲ್ಲಿ ಒಂದು ಸಾಲು: ವಿಷದ ಮೂಲ.
ಬರೆಯಲು ಬಿಟ್ಟ ಜಾಗ ಎರಡು ಅಂಗುಲ.
ಯಾವ ಪಲ್ಟನ್ನು, ಯಾವ ಬೆಳಗು, ಯಾರ ಬೆರಳು?
ಮಣ್ಣು ಅಂತ ಬರೆದೆ. ಹೊಡೆದುಹಾಕಿದೆ.
ತಾತ ಅಂತ ಬರೆಯಲಾಗಲಿಲ್ಲ.

ರಾತ್ರಿ ಪಾಳಿಯಲ್ಲಿ ಯಾರೂ ಇಲ್ಲದ ಹೊತ್ತು
ಎಡತೋಳಿಗೆ ನಾನೇ ರಬ್ಬರು ಬಿಗಿದು
ಒಂದು ಸೀಸೆ ತುಂಬಿದೆ.
(ಸೀಸಕ್ಕೊಂದು ಎತ್ವ ಕೊಟ್ಟರೆ ಸೀಸೆ,
ಸರಸಮ್ಮ ಟೀಚರು ಕಾಗುಣಿತ ತಿದ್ದಿದ್ದು ನೆನಪು.)
ಆಗ ತಾತನ ರುಮಾಲಿನಿಂದ ಗುಂಡೊಂದು ಕದ್ದು
ದವಡೆಯಲ್ಲಿಟ್ಟು ಚೀಪುತ್ತಿದ್ದೆ, ಪೆಪ್ಪರ್‌ಮಿಂಟು ಅಂತ.

ಚೀಟಿ ಅಂಟಿಸಿದೆ: ಮೆಹರಾಜಬಿ, ನಲವತ್ತಾರು.
ಹುಲಿಗೆಮ್ಮಳ ಸೀಸೆಯ ಪಕ್ಕ ನಿಲ್ಲಿಸಿದೆ.
ಯಂತ್ರ ಉಸಿರೆಳೆಯತೊಡಗಿತು,
ಅಜ್ಜಿಯ ತಿದಿಯ ಹಾಗೆ,
ಒಮ್ಮೆ ಒಳಗೆ, ಒಮ್ಮೆ ಹೊರಗೆ.