ಮುಳುಗಿದಾಗ ಹನ್ನೆರಡು

ಬುರ್ಸಾದಲ್ಲಿ ಆಗ ಹೊತ್ತು ಮುಳುಗಿದರೆ ಹನ್ನೆರಡು.
ಅಂದಿನ ಲೆಕ್ಕ ಅಲ್ಲಿಗೆ ಮುಗಿಯಿತು,
ನಾಳೆ ಅಲ್ಲಿಂದಲೇ ಶುರು.
ಬೇಸಿಗೆಯ ಹಗಲು ಉದ್ದ, ಚಳಿಗಾಲದ್ದು ಗಿಡ್ಡ,
ಹಾಗಾಗಿ ಗಡಿಯಾರ ದಿನಾ ತಪ್ಪುತ್ತಿತ್ತು,
ದಿನಾ ಅದರ ಕಿವಿ ಹಿಂಡಬೇಕು.
ಮಸೀದಿಯ ಮಗ್ಗುಲ ಕೋಣೆಯಲ್ಲಿ
ಕಿವಿ ಹಿಂಡುವ ಕೆಲಸ ನಮ್ಮಪ್ಪನದು:
ಬೆಹ್ಚೆತ್ ಎಫೆಂದಿ, ಹೊತ್ತುಗಾರ.
ತಿಂಗಳಿಗೆ ಎಂಬತ್ತು ಕುರುಶ್ ಸಂಬಳ,
ಬಂದ ತಿಂಗಳು.

ಅವನ ಹತ್ತಿರ ಹಿತ್ತಾಳೆಯ ಕೋನಮಾಪಕ ಇತ್ತು,
ಮುತ್ತಜ್ಜ ಬರೆದಿಟ್ಟ ಅಂಕಿಗಳ ಪಟ್ಟಿ ಇತ್ತು.
ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು
ಕೆಂಪು ಬಿಲ್ಲೆ ನೆಲಕ್ಕೆ ತಾಗುವುದನ್ನು ತೋರಿಸಿ
"ಈಗ ನೋಡು, ಈಗ" ಎನ್ನುವನು.
ಆಮೇಲೆ ಮುಳ್ಳು ತಿರುಗುತ್ತಿತ್ತು.
ಸೂರ್ಯ ಅಪ್ಪನ ಮಾತು ಕೇಳುತ್ತಾನೆಂದೇ
ಬಹಳ ದಿನ ನಂಬಿದ್ದೆ.

ಹೊಳೆಯ ದಂಡೆಗೆ ಲಿಯೋನಿನವರ ಕಾರ್ಖಾನೆ ಬಂತು.
ಮೊದಲು ಚಿಮಣಿ,
ಎಂಟು ಜೋಡಿ ಕೋಣ ಎಳೆದು ತಂದ ಬಾಯ್ಲರು,
ಕೊನೆಗೆ ಸಿಳ್ಳೆ.
ನಿಜಕ್ಕೂ ಊರನ್ನು ಕೊಂಡದ್ದು ಸಿಳ್ಳೆ.
ಹೊತ್ತು ಮುಳುಗುವ ಗೊಡವೆ ಅದಕ್ಕಿಲ್ಲ,
ಅದರ ಹನ್ನೆರಡು ನೆತ್ತಿಗೊಂದು, ನಡುರಾತ್ರಿಗೊಂದು.
ಅದರ ಕಿವಿ ಎಲ್ಲಿದೆಯೋ ಯಾರೂ ಕಂಡವರಿಲ್ಲ.

ಮನೆಯ ತಟ್ಟೆಗಳಲ್ಲಿ ಹುಳ ಸಾಕಿ
ಹಿತ್ತಲ ತಾಮ್ರದ ಹಂಡೆಯಲ್ಲಿ ತಾವೇ ನೂಲು ತೆಗೆದವರು
ಈಗ ಗೂಡನ್ನು ತೂಕಕ್ಕೆ ಹಾಕಿ ಬರಿಗೈಲಿ ತಿರುಗಿದರು.
ಹತ್ತರಲ್ಲೊಂದು ಪಾಲು ಸುಲ್ತಾನರದು,
ಸುಲ್ತಾನರ ಪಾಲು ಅವರಿಗೆ ಸಾಲ ಕೊಟ್ಟವರದು.
ರಸೀದಿಯ ನೆತ್ತಿಯಲ್ಲಿ ಬಳ್ಳಿಬಳ್ಳಿಯಾಗಿ ಅವರ ಅಂಕಿತ,
ಕೆಳಗೆ ಇನ್ಯಾರದೋ ಸಹಿ.

ನನಗೆ ಹದಿಮೂರು. ಸಂಬಳ ಬಾರದ ಐದನೆಯ ತಿಂಗಳು
ಪಕ್ಕದ ಬೀದಿಯ ಯೆರಾನುಹಿ ಜೊತೆ ಗೇಟು ಹೊಕ್ಕೆ.
ಕುದಿನೀರ ಬೋಗುಣಿ, ಬೇಯುವ ಗೂಡು,
ಎಳೆಯ ತುದಿ ತಡಕುವ ಬೆರಳು.
ಬೆಂದ ಬೆರಳಿಗೇ ತುದಿ ಬೇಗ ಸಿಗುವುದು.
ಸತ್ತ ಹುಳದ ವಾಸನೆ ಜಡೆಯಲ್ಲಿ, ಬುತ್ತಿಯ ರೊಟ್ಟಿಯಲ್ಲಿ.
ಯೆರಾನುಹಿ ಹೇಳುವಳು:
"ಒಂದೇ ಗೂಡು ಬಿಚ್ಚಿ ಹಿಡಿದರೆ ಸಾಕು ಕಣೇ,
ನಿಮ್ಮಪ್ಪನ ಮಿನಾರಿನಿಂದ ನಮ್ಮಜ್ಜಿಯ ಚರ್ಚಿನ ತನಕ."
ಎಷ್ಟು ಸಾವಿರ ಬಿಚ್ಚಿದೆವೋ.
ಊರೊಳಗೆ ಎಲ್ಲೂ ಒಂದೆಳೆ ಕಾಣಲಿಲ್ಲ.

ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವಳಿಗೆ
ಮುಳುಗುವುದು ಅಂದರೇನು?
ಅಪ್ಪ ಕೇಳುವನು, "ಎಷ್ಟಕ್ಕೆ ಬಿಟ್ಟರು?"
"ಏಳಕ್ಕೆ."
"ಯಾರ ಏಳು?"
ನಗುತ್ತಲೇ ಕೇಳುತ್ತಿದ್ದ, ಮೊದಮೊದಲು.

ಆ ಸಲದ ಚಳಿಗಾಲ ಮೋಡ ಕವಿದದ್ದು ಕವಿದೇ ಇತ್ತು.
ಚಿಮಣಿಯ ಹೊಗೆ ಹೋಗಿ ಅದಕ್ಕೆ ಹೊಲಿದುಕೊಂಡಿತು.
ಏಳು ದಿನ ಬೆಟ್ಟವಿಲ್ಲ, ಬಿಲ್ಲೆಯಿಲ್ಲ,
ಗಡಿಯಾರದ ಮಾತಿಗೆ ಗಡಿಯಾರವೇ ಸಾಕ್ಷಿ.
ಎಂಟನೆಯ ದಿನ ನನ್ನ ಕೈ ಸುಟ್ಟು
ಅರ್ಧ ಕೂಲಿ ಕೊಟ್ಟು ಹೊರಗೆ ಕಳಿಸಿದರು.
ಮನೆಗೆ ಹೋಗಲಾರದೆ ಅಪ್ಪನ ಕೋಣೆಗೆ ಬಂದೆ.

ಅವನು ಕಿಟಕಿಗೆ ಬೆನ್ನು ಹಾಕಿ ಕೂತಿದ್ದ.
ಒಂದು ಬೆರಳು ಮುಳ್ಳಿನ ಮೇಲೆ,
ತಲೆ ಹೊಳೆಯ ಕಡೆಗೆ ವಾಲಿತ್ತು.
ಬೋಗುಣಿಯ ನೀರು ಬದಲಿಸುವ ಐದರ ಸಿಳ್ಳೆ,
ನನಗೆ ನಿದ್ದೆಯಲ್ಲೂ ಗೊತ್ತು ಅದು,
ಕೂಗಿ ನಿಂತಿತು.
ಅಪ್ಪ ಮುತ್ತಜ್ಜನ ಪಟ್ಟಿಯ ಅಂಚಿಗೆ ಬಗ್ಗಿದ.
ಅಲ್ಲಿ ಪೆನ್ಸಿಲಿನ ಸಣ್ಣ ಅಂಕಿಗಳು,
ಒಂದರ ಕೆಳಗೊಂದು, ಎಂಟು.
ಎಣಿಸಿದ, ಕಳೆದ, ಮುಳ್ಳು ತಿರುಗಿಸಿದ.

ಮೇಲೆ ಬಾಂಗು ಎದ್ದಿತು, ಎಂದಿನ ದನಿ.
ಬೀದಿಯಲ್ಲಿ ಒಬ್ಬರೂ ತಲೆಯೆತ್ತಲಿಲ್ಲ.
ಮುದುಕರು ಚಪ್ಪಲಿ ಬಿಟ್ಟು ಒಳಗೆ ನಡೆದರು.

ಆಗ ನನ್ನನ್ನು ನೋಡಿದ.
ನಾನು ಕೈಯನ್ನು ಬೆನ್ನ ಹಿಂದೆ ಮರೆಸಿದೆ.
ಅವನು, ಪೆನ್ಸಿಲನ್ನು.