ಅರ್ಧ ಬೆರಳಿನ ಸಂದು

ಮುರ್ಗಾಬಿನಲ್ಲಿ ಮರವಿಲ್ಲ.
ಮೊದಲ ತೊಡಕೇ ಅದು.
ಎಂಜಿನ್ನು ಎತ್ತಲು ಸರಪಳಿ ರಾಟೆ ಬೇಕು,
ರಾಟೆಗೊಂದು ಕೊಂಬೆ ಬೇಕು,
ಕೊಂಬೆಗೆ ಎರಡು ದಿನದ ಘಟ್ಟ ಇಳಿಯಬೇಕು,
ಇಳಿಯಲು ಲಾರಿ ಬೇಕು.
ಲಾರಿಯೋ, ಅಂಗಳದಲ್ಲಿ ಬಾಯಿ ತೆರೆದು ಕೂತಿದೆ.

ಹಾಗಾಗಿ ಉಲ್ಕಾನ್ ಶಾಲೆಗೆ ಬಂದಳು.
ಭಿನ್ನರಾಶಿಯ ನಡುವೆ ಕಿಟಕಿ ತಟ್ಟಿ
'ಮೇಷ್ಟ್ರೇ, ನಿಮ್ಮ ಗೋಲುಕಂಬ ಎಷ್ಟು ಭಾರ ತಡೆದೀತು?'
ಹಲಗೆಯ ಮೇಲೆ ನಾನು ಲೆಕ್ಕ ಹಾಕಿದೆ. ಮಕ್ಕಳೂ ಹಾಕಿದರು.
ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ಕೂಡಲಿಲ್ಲ.
'ಸರಿ, ಹಾಗಾದರೆ ತಡೆಯುತ್ತೆ' ಎಂದು ಹೊರಟಳು.

ಗಾಜ್ ಅರುವತ್ತಾರು. ದಂಡು ಹೋಗುವಾಗ ಬಿಟ್ಟು ಹೋದದ್ದು.
ನಾಲ್ಕೂ ಗಾಲಿಗೆ ಎಳೆತ, ಎಂಟು ಸಿಲಿಂಡರಿನ ಹೊಟ್ಟೆಬಾಕ;
ಓಶ್‌ನಿಂದ ಕಲ್ಲಿದ್ದಲು ಹೊತ್ತು ಬರುವಷ್ಟರಲ್ಲಿ
ಕಲ್ಲಿದ್ದಲ ಲಾಭವನ್ನೆಲ್ಲ ತಾನೇ ಕುಡಿದಿರುತ್ತಿತ್ತು.
ಹೋದ ಚಳಿಗೆ ಅಕ್‌ಬೈತಾಲಿನ ನೆತ್ತಿಯಲ್ಲಿ
ಒಳಗಿನ ನೀರು ಹೆಪ್ಪುಗಟ್ಟಿ ಬ್ಲಾಕು ಸೀಳಿತು.
ಉಲ್ಕಾನ್ ಅಳಲಿಲ್ಲವಂತೆ. ಬಾಗಿಲು ಒದ್ದಳಂತೆ. ಗುರುತು ಇನ್ನೂ ಇದೆ.

ಎರಡು ಯಾಕ್ ಕೊಟ್ಟು ತಂದದ್ದು
ಕಮರಿಗೆ ಉರುಳಿದ ಬೇರೊಂದು ಲಾರಿಯ ಡೀಸೆಲ್ ಎಂಜಿನ್ನು,
ಅದರದೇ ಗೇರ್‌ಪೆಟ್ಟಿಗೆ,
ಈಗಷ್ಟೇ ಹುಟ್ಟಿದ ಕರುವಿನಂತೆ ಕಂಬಳಿ ಸುತ್ತಿಕೊಂಡು.

ಲಾರಿಯನ್ನು ಹಿಂದುಹಿಂದಾಗಿ ಗೋಲಿನೊಳಗೆ ತಳ್ಳಿದೆವು.
'ಗೋಲ್!' ಎಂದು ಕೂಗಿತು ಏಳನೆಯ ತರಗತಿ.
ಎತ್ತರ ಅಷ್ಟಕ್ಕಷ್ಟೆ. ಆಗ ಸಾತ್ಕಿನ್
ನಾಲ್ಕೂ ಟೈರಿನ ಗಾಳಿ ಬಿಟ್ಟ;
ಒಂಟೆಯ ಹಾಗೆ ನಿಟ್ಟುಸಿರಿಟ್ಟು ಲಾರಿ ಮಂಡಿಯೂರಿತು.

ಸಾತ್ಕಿನ್‌ಗೆ ಕಿವಿ ಕೇಳಿಸದು.
ಅವನ ಮಾತು ಬೆರಳಲ್ಲಿ, ಹುಬ್ಬಲ್ಲಿ, ಸ್ಪಾನರಿನ ತುದಿಯಲ್ಲಿ.
ಹಳೆಯ ಬುಡಗಳನ್ನು ಕೊಯ್ದು ಹೊಸವನ್ನು ಬೆಸೆದ,
ಸಲಿಕೆಯ ಕಾವು ಕೆತ್ತಿ ಕ್ಲಚ್ಚಿನ ತಟ್ಟೆಯನ್ನು ನಡುವಿಗೆ ತಂದ,
ಮೂರು ಬಾರಿ ಅಳೆದ, ಮೂರು ಬಾರಿ ಉಗುಳಿದ.

ಎಂಜಿನ್ನು ಕೂತಿತು. ಕಂಬ ಕಿರುಗುಟ್ಟಿತು.
ಗೇರ್‌ಪೆಟ್ಟಿಗೆಯದು ರಗಳೆ.
ಒಂದೇ ಲಾರಿಯಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ ಜೋಡಿ,
ಈಗ ಒಂದರ ಮುಖ ಒಂದಕ್ಕೆ ಬೇಡ.
ದಂಡದ ಹಲ್ಲು ತಟ್ಟೆಯ ಹಲ್ಲಿಗೆ ಕೂಡದೆ
ಅರ್ಧ ಬೆರಳಿನ ಸಂದು ಉಳಿದೇ ಉಳಿಯಿತು.
ಜಪ್ಪಯ್ಯ ಎಂದರೂ ಒಳಗೆ ಹೋಗದು.

ಸಂಜೆಯ ಗಾಳಿ ಎದ್ದಿತ್ತು. ಬೆರಳು ಮರಗಟ್ಟಿತ್ತು.
'ಬೋಲ್ಟು ಬಿಗಿದು ಎಳೆದುಬಿಡೋಣ' ಎಂದೆ.
ಸಾತ್ಕಿನ್ ನನ್ನ ಕೈಯಿಂದ ಬೋಲ್ಟು ಕಸಿದು
ತನ್ನ ಜೇಬಿಗೆ ಹಾಕಿಕೊಂಡ.
ಆಮೇಲೆ ಮಣ್ಣಲ್ಲಿ ಮಲಗಿ, ಭುಜ ಕೊಟ್ಟು,
ಉಲ್ಕಾನಳತ್ತ ಬೆರಳು ತಿರುಗಿಸಿದ.
ಅವಳು ಒಂದನೆಯ ಗೇರಿಗೆ ಹಾಕಿ
ಹಿಂಬದಿಯ ಚಾಚನ್ನು ಒಂಚೂರು ತಿರುವಿದಳು,
ಅರೆನಿದ್ದೆಯ ಮಗುವಿನ ತಲೆಯನ್ನು
ದಿಂಬಿಗೆ ಸರಿಸುವಷ್ಟು.

ಟಕ್.

ಆ ಸದ್ದು ನಾವೆಲ್ಲ ಕೇಳಿದೆವು.
ಸಾತ್ಕಿನ್ ಭುಜದಲ್ಲಿ ಕೇಳಿದ.

ಬೆಳಗ್ಗೆ ಎಣ್ಣೆಯ ತೊಟ್ಟಿಗೆ ಬೆಂಕಿಯ ದೀಪ ಹಿಡಿದು
ಚಹಾ ಕುದಿಯುವಷ್ಟು ಹೊತ್ತು ಕಾದೆವು.
ಕೆಮ್ಮಿತು. ಸುಮ್ಮನಾಯಿತು. ಕಪ್ಪಗೆ ಕೆಮ್ಮಿತು.
ಹಿಡಿದುಕೊಂಡಿತು.
ಸಾತ್ಕಿನ್ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಊರಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದ.
ಒಂದು ಬೆರಳು ಎತ್ತಿದ. ಎರಡು. ಮೂರು.
ನಾಲ್ಕನೆಯದಕ್ಕೆ ತಡ ಮಾಡಿದ, ಬೇಕೆಂತಲೇ,
ಉಲ್ಕಾನ್ ಅವನ ಬೆನ್ನಿಗೆ ಗುದ್ದುವವರೆಗೆ.

ಗೋಲಿನ ಅಡ್ಡಕಂಬ ಈಗ ನಡುವೆ ಬಾಗಿದೆ.
ಎರಡು ಬೆರಳು. ನನ್ನ ಲೆಕ್ಕ ಅಷ್ಟು ತಪ್ಪಿತ್ತು.
ಹೋದ ವಾರ ಬುರುಲ್ ಒದ್ದ ಚೆಂಡು ಅಲ್ಲಿಗೇ ಬಡಿದು ಹೊರಗೆ ಹಾರಿತು.
ಬಾಗಿರದಿದ್ದರೆ ಒಳಗೆ, ಎಂದು ಅವಳ ವಾದ.
ಆ ಒಂದು ಗೋಲನ್ನು
ಉಲ್ಕಾನಳ ಬಾಕಿಯೆಂದು ಬರೆದಿಟ್ಟಿದ್ದಾಳೆ,
ವಸೂಲಿಗೆ ಓಶ್‌ನ ಸೇಬು,
ಒಂದು ಬುಟ್ಟಿ.
ಲಾರಿ ಇನ್ನೂ ಬಂದಿಲ್ಲ. ಪಾಠದ ನಡುವೆ ಅವಳೂ ನಾನೂ
ಕಿಟಕಿಯತ್ತ ನೋಡುತ್ತೇವೆ.